ಗುಡ್ಡದ ಕಡೆಯ ಹಿಂಡು

ಹಕ್ಕಿ ಹಿಂಡಿನ ಗುರುತು ಹಿಡಿಯುವುದರಲ್ಲಿ ರಾಯದುರ್ಗದ ಆ ಸೀಮೆಯಲ್ಲಿ ಕೊಟ್ರಮ್ಮನ ಕಣ್ಣಿಗೆ ಸಾಟಿಯಿರಲಿಲ್ಲ. ಗಂಡ ಸಣ್ಣಬಸಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಜೋಳದ ಹೊಲದ ಕಾವಲು ಇಬ್ಬರ ನಡುವೆ ಹಂಚಿಹೋಗಿತ್ತು. "ಕಣ್ಣು ನಿಂದು, ಕವಣಿ ನಂದು" ಎನ್ನುತ್ತಿದ್ದ ಅವನು. ಯಾವ ಹಕ್ಕಿ, ಯಾವ ಕಡೆಯಿಂದ ಎಂದು ಅವಳು ಕೆಳಗೆ ನಿಂತು ಕೂಗುವಳು. ಅವನು ಅಟ್ಟಣೆಯ ಮೇಲಿಂದ ಆ ದಿಕ್ಕಿಗೆ ಕಲ್ಲು ಬೀಸುವನು.

ಚಳಿಗಾಲದಲ್ಲಿ ಜೋಳ ಹಾಲುಗಾಳಾಗುವ ಹೊತ್ತಿಗೆ ಸರಿಯಾಗಿ ಕಬ್ಬಕ್ಕಿಗಳು ಬಂದಿಳಿಯುತ್ತವೆ. ಕರಿ ತಲೆ, ಗುಲಾಬಿ ಮೈ, ನೋಡಲು ಬಲು ಚೆಂದ. ಹೊಲಕ್ಕಿಳಿದು ಎದ್ದರೆ ತೆನೆಯಲ್ಲಿ ಕಾಳಿರುವುದಿಲ್ಲ. ಕೆರೆಯಂಗಳದ ಜಾಲಿಯಲ್ಲಿ ಮಲಗಿ, ಬೆಳಗಾದರೆ ಆ ಕಡೆಯಿಂದಲೇ ಬರುತ್ತವೆ, ಸಾವಿರ ಹಕ್ಕಿ ಒಂದೇ ಮೈಯಾಗಿ ತಿರುಗುತ್ತವೆ. ಅಂಬರಗುಬ್ಬಿಗಳು ಬರುವುದೂ ಅದೇ ಕಾಲಕ್ಕೆ. ಆದರೆ ಅವು ಕಾಳಿಗೆ ಬಾಯಿ ಹಾಕುವ ಜಾತಿಯಲ್ಲ. ಗಾಳಿಯಲ್ಲಿ ಹುಳ ಹಿಡಿಯುತ್ತ ಒಂದೊಂದೂ ತನ್ನ ಪಾಡಿಗೆ ತಾನು ಹೊರಳುತ್ತಿರುತ್ತದೆ. ಇವೆರಡನ್ನು ಬೇರೆ ಮಾಡಲು ದೊಡ್ಡ ಜಾಣತನವೇನೂ ಬೇಡ. ತಿರುಗಿ ನೋಡಬೇಕು, ಅಷ್ಟೇ.

ಹೋದ ವರ್ಷ ಪುಷ್ಯಮಾಸದಲ್ಲಿ ಒಂದು ಬೆಳಗ್ಗೆ ಕೊಟ್ರಮ್ಮ ತಿರುಗಿ ನೋಡಲಿಲ್ಲ.

ಬುತ್ತಿಯಲ್ಲಿ ಚಟ್ನಿಪುಡಿ ಇಲ್ಲವೆಂದು ಗಂಡ ಗೊಣಗಿದ್ದ, ಅವಳಿಗೆ ಸಿಟ್ಟು ಬಂದಿತ್ತು. ಜಗಳವೆನ್ನುವಷ್ಟು ದೊಡ್ಡದೂ ಅಲ್ಲ. ಅಟ್ಟಣೆಯ ಬುಡದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದವನು ತಲೆಯೆತ್ತಿ, "ಏನೋ ಕರ್ರಗ ಬಂದಂಗಾತು. ಯಾವು ನೋಡು" ಎಂದ. ಅವಳು ಸುಟ್ಟು ಸೀತನಿ ಮಾಡಲೆಂದು ಎಳೆ ತೆನೆ ಮುರಿಯುತ್ತಿದ್ದಳು. ಅವನು ಮತ್ತೆ ಕೇಳಿದ. ಮೂರನೇ ಸಲ ಕೇಳಿದಾಗ ಅವಳಿಗೆ ರೇಗಿಹೋಯಿತು.

"ಕಬ್ಬಕ್ಕಿರೀ! ಇನ್ನೇನಿರ್ತಾವ?"

"ಗುಡ್ಡದ ಕಡಿಂದ ಬಂದಂಗೈತಿ. ಕಬ್ಬಕ್ಕಿ ಆ ಕಡಿಂದ ಬರಂಗಿಲ್ಲಲ್ಲ?"

"ನನ್ನ ಕಣ್ಣು ನಂಬಂಗಿಲ್ಲಂದ್ರ ನೀವ ನೋಡ್ಕೋರಿ."

ಅವನು ನಂಬಿದ. ಕೈಯಲ್ಲಿದ್ದ ತುತ್ತು ಬಿಟ್ಟು ಅವಸರದಲ್ಲಿ ಏಣಿ ಹತ್ತಿದ. ಮೇಲಿನ ಮೆಟ್ಟಿಲಿಗೆ ಕಟ್ಟಿದ್ದ ಹಗ್ಗ ಹರಿಯಿತು. ಬಿದ್ದದ್ದು ತಾನೇ ಆರಿಸಿ ಒಟ್ಟಿದ್ದ ಕಲ್ಲುಗಳ ಮೇಲೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅರಚುತ್ತಿರುವಾಗ ಹಿಂಡು ನೆತ್ತಿಯ ಮೇಲೆಯೇ ಹಾದುಹೋಯಿತು. ಒಂದು ಹಕ್ಕಿಯೂ ತೆನೆಯ ಮೇಲೆ ಕೂರಲಿಲ್ಲ. ಅವು ಅಂಬರಗುಬ್ಬಿಗಳು.

ಗಂಡ ಸತ್ತದ್ದು ಹಗ್ಗ ಹರಿದು ಎಂದು ಊರಿಗೆಲ್ಲ ಹೇಳಿದಳು. ಹಕ್ಕಿಯ ಮಾತನ್ನು ಮಾತ್ರ ಯಾರೆದುರೂ ಎತ್ತಲಿಲ್ಲ.

ಈ ವರ್ಷ ಆ ಅಟ್ಟಣೆಗೆ ಯಾರೂ ಹತ್ತಿರಲಿಲ್ಲ. ಆದರೂ ಕಬ್ಬಕ್ಕಿಗಳು ಹೊಲಕ್ಕಿಳಿಯಲಿಲ್ಲ. ಕೆರೆಯ ಕಡೆಯಿಂದ ನೇರವಾಗಿ ಬರುವುವು, ಅಟ್ಟಣೆ ಇನ್ನೇನು ಒಂದು ಕವಣೆಯೇಟಿನ ದೂರದಲ್ಲಿದೆ ಎನ್ನುವಾಗ ಬೆಚ್ಚಿಬಿದ್ದು ಗುಡ್ಡದ ಕಡೆಗೆ ತಿರುಗಿಬಿಡುವುವು. ಪ್ರತಿದಿನ ಅದೇ ಜಾಗ, ಅದೇ ತಿರುವು.

"ನಿಮ್ಮ ಯಜಮಾನ್ರು ಇನ್ನೂ ಕಾಯಾಕತ್ಯಾರ ನೋಡ್ರಿ. ಪುಣ್ಯವಂತ್ರು ನೀವು" ಎಂದು ಪಕ್ಕದ ಹೊಲದ ಉಚ್ಚಂಗಮ್ಮ ಅಟ್ಟಣೆಯ ಕಂಬಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದು ಹೋದಳು. ಆ ಕಾಯಿಯ ಹೋಳನ್ನು ಕೊಟ್ರಮ್ಮ ಬಾಯಿಗೆ ಹಾಕಲಿಲ್ಲ. ಅವನು ಕಾಯುತ್ತಿರುವುದು ಜೋಳವನ್ನಲ್ಲ, ಅವಳಿಗೆ ಗೊತ್ತಿತ್ತು. ಯಾವು ನೋಡು ಎಂದು ಮೂರು ಸಲ ಕೇಳಿದವನಿಗೆ ಇನ್ನೂ ನಿಜವಾದ ಉತ್ತರ ಸಿಕ್ಕಿರಲಿಲ್ಲ.

ಮೈದುನನ ಮಗ ಸಿದ್ದರಾಮೇಶ್ ಗುಡ್ಡದ ಮೇಲಿನ ಕರೆಂಟಿನ ಗಾಳಿ ಫ್ಯಾನುಗಳಲ್ಲಿ ಕೆಲಸಕ್ಕಿದ್ದ. ಅವನು ಇದನ್ನೆಲ್ಲ ಕೇಳಿ ನಕ್ಕ.

"ದೊಡ್ಡವ್ವ, ಅದು ಡೇಗಿ ಕೆಲಸ. ನಮ್ಮ ಫ್ಯಾನಿನ ಕಡೆ ದಿನಾ ನೋಡ್ತೀನಿ, ಡೇಗಿ ಕುಂತಿದ್ರ ಹಿಂಡು ಹಂಗ ಅಡ್ಡ ತಿರುಗ್ತೈತಿ. ಹತ್ತಿ ನೋಡ್ರಿ, ಹರಿದ ಪುಕ್ಕ, ಹಿಕ್ಕಿ ಬಿದ್ದಿರ್ತಾವ."

ಕಬ್ಬಿಣದ ಏಣಿಯೊಂದನ್ನು ತಂದು ಒರಗಿಸಿಯೂ ಹೋದ. ಡೇಗೆ! ಬರೀ ಒಂದು ಬೇಟೆಹಕ್ಕಿ! ಕೊಟ್ರಮ್ಮನಿಗೆ ಹೋದ ಜೀವ ಬಂದಂತಾಯಿತು. ಡೇಗೆಯೇ ಆಗಿರಲಪ್ಪಾ ಎಂದು ಕೊಟ್ಟೂರು ಬಸವಣ್ಣನಿಗೆ ಹರಕೆ ಹೊತ್ತಳು.

ಮರುದಿನ ಬೆಳಗ್ಗೆ ಏಣಿ ಹತ್ತಿದಳು. ಹಲಗೆಯ ಮೇಲೆ ಒಂದು ಪುಕ್ಕವೂ ಇರಲಿಲ್ಲ. ಹಿಕ್ಕಿಯ ಒಂದು ಚುಕ್ಕೆಯೂ ಇರಲಿಲ್ಲ. ಮೂಲೆಯಲ್ಲಿ ಅವನ ಕವಣೆ ಇತ್ತು, ಅವನು ಸುತ್ತಿಡುತ್ತಿದ್ದ ಹಾಗೆಯೇ ಸುತ್ತಿ. ವರ್ಷವಿಡೀ ಮಳೆಬಿಸಿಲಿಗೆ ಬಿದ್ದ ಹಗ್ಗ ಒರಟಾಗಿರಬೇಕಿತ್ತು. ಅವಳು ಕೈಗೆತ್ತಿಕೊಂಡಾಗ ಅದು ದಿನಾ ಕೈಯಾಡಿದ ಹಗ್ಗದ ಹಾಗೆ ಮೆತ್ತಗಿತ್ತು.

ಇಳಿದು ಓಡಬೇಕೆನ್ನುವಷ್ಟರಲ್ಲಿ ಕೆರೆಯ ಕಡೆಯಿಂದ ಹಿಂಡು ಎದ್ದಿತು. ಇಷ್ಟು ವರ್ಷದ ರೂಢಿ, ಬಾಯಿ ತಾನಾಗಿಯೇ ಕೂಗಿತು.

"ಕಬ್ಬಕ್ಕಿ ಬಂದ್ವು ನೋಡ್ರಿ, ಕೆರಿ ಕಡಿಂದ!"

ಹಿಂಡು ಅದೇ ಜಾಗಕ್ಕೆ ಬಂದು ಬೆಚ್ಚಿ ಗುಡ್ಡದ ಕಡೆಗೆ ತಿರುಗಿತು. ಅವಳ ಕಿವಿಯ ಪಕ್ಕದಲ್ಲಿ, ಕವಣೆಯ ಕಲ್ಲು ಹಾದುಹೋದ ಹಾಗೆ, ಗಾಳಿ ಸುಂಯ್ ಎಂದಿತು. ಕೊಟ್ರಮ್ಮ ಕಂಬ ಹಿಡಿದು ಕೂತುಬಿಟ್ಟಳು.

"ಆವತ್ತು ಬಂದಿದ್ದು ಕಬ್ಬಕ್ಕಿ ಅಲ್ರಿ," ಎಂದಳು. "ಅಂಬರಗುಬ್ಬಿ. ನೀವು ಗುಡ್ಡದ ಕಡಿಂದ ಅಂದಿದ್ದ ಖರೆ. ನಾ ತಿರುಗಿ ನೋಡ್ಲೇ ಇಲ್ಲ. ಸಿಟ್ಟಿಗೆ ಅಂದುಬಿಟ್ಟೆ. ನೀವು ಹತ್ತೋದು ಬೇಕಾಗೇ ಇರ್ಲಿಲ್ರಿ."

ಆಡಿ ಮುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೊರೆಸಿಕೊಂಡು ನೋಡಿದರೆ, ಗುಡ್ಡದ ಕಡೆ ಹೋಗಿದ್ದ ಹಿಂಡು ಮತ್ತೆ ಹೊರಳಿ ಬರುತ್ತಿತ್ತು. ಕವಣೆಯೇಟಿನ ದೂರವನ್ನು ದಾಟಿತು. ಅವಳ ನೆತ್ತಿಯ ಮೇಲೊಂದು ಸುತ್ತು ಹಾಕಿ ಹೊಲದ ತುಂಬ ಇಳಿಯಿತು. ತೆನೆಗಳು ಹಕ್ಕಿಗಳ ಭಾರಕ್ಕೆ ಬಾಗಿದವು.

"ಹೊಡೀರಿ ಕೊಟ್ರಮ್ಮಾರ! ಕೈಯಾಗ ಕವಣಿ ಹಿಡ್ಕೊಂಡು ಯಾಕ ಕುಂತ್ರಿ?" ಎಂದು ಪಕ್ಕದ ಹೊಲದಿಂದ ಉಚ್ಚಂಗಮ್ಮ ಕಿರುಚಿದಳು.

ಕೊಟ್ರಮ್ಮನಿಗೆ ಅದು ಕೇಳಿಸಲಿಲ್ಲ. "ಏನ್ರೀ," ಎಂದು ಕರೆದಳು. ಇನ್ನೊಂದು ಮೂಲೆಗೆ ತಿರುಗಿ, "ಏನ್ರೀ, ಇದ್ದೀರೇನು?" ಎಂದಳು. ಇಷ್ಟು ದಿನ ಅವನು ಇದ್ದಾನೆಂದು ಹೆದರಿ ಸಾಯುತ್ತಿದ್ದವಳು, ಈಗ ಅಟ್ಟಣೆಯ ಮೇಲೆ ಒಬ್ಬಳೇ ಇದ್ದಳು. ಕೆಳಗೆ ಕಬ್ಬಕ್ಕಿಗಳು ಯಾರ ಹೆದರಿಕೆಯೂ ಇಲ್ಲದೆ ಜೋಳ ತಿನ್ನುತ್ತಿದ್ದವು.