ಮಾಂತುವಿಗೆ ಸಿಕ್ಕ ಟಿಕೀಟು

ಮಾಂತು ಮೊದಲು ಫೌಜಿನಲ್ಲಿ ಸಿಪಾಯಿಯಾಗಿದ್ದವನು. ನಿವೃತ್ತನಾದ ಮೇಲೆ ಕಾನೂನು ಓದಿ, ನನ್ನ ಕೈಕೆಳಗೆ ಜೂನಿಯರ್ ವಕೀಲನಾಗಿ ಸೇರಿದ. ನ್ಯಾಯಾಧೀಶರ ಮುಂದೆ ಕವಾಯತಿಗೆ ನಿಂತವನಂತೆ ಸೆಟೆದು ನಿಲ್ಲುತ್ತಿದ್ದ, ನಾನು ನಗುತ್ತಿದ್ದೆ. ಕೆಲವೇ ವರ್ಷಗಳಲ್ಲಿ ಹಡಪಸರದ ನನ್ನ ಅರ್ಧ ಕಕ್ಷಿದಾರರು ಅವನ ಹಿಂದೆ ಹೋದರು. ನನ್ನ ಹೆಂಡತಿ ರಂಜನಾ ಕೂಡ, "ಫೌಜಿ ವಕೀಲ್ರು ಎಷ್ಟ ನೀಟ್ ಇರ್ತಾರ ನೋಡ್ರಿ," ಎನ್ನುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ಸಲ ಮಹಾನಗರಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನ ಟಿಕೀಟು ನನಗೇ ಎಂದು ನಂಬಿದ್ದೆ. ಪಕ್ಷಕ್ಕಾಗಿ ಎಷ್ಟು ವರ್ಷ ಝಂಡಾ ಹಿಡಿದಿಲ್ಲ, ಯಾರ ಮದುವೆಗೆ, ಯಾರ ತಿಥಿಗೆ ಹೋಗಿಲ್ಲ! ಆದರೆ ಸಂದರ್ಶನದ ದಿನ ಪಕ್ಷದ ಕಚೇರಿಯ ಹೊರಗೆ ಮಾಂತುವೂ ನಿಂತಿದ್ದ. ನನ್ನನ್ನು ಕಂಡವನೇ ಕಾಲಿಗೆ ಬಿದ್ದ.

"ನೀವೂ ಬರ್ತೀರಿ ಅಂತ ಗೊತ್ತಿರಲಿಲ್ರಿ ಸರ್. ಗೊತ್ತಿದ್ರ ನಾ ಅರ್ಜಿನೇ ಹಾಕ್ತಿರಲಿಲ್ಲ."

"ಇರ್ಲಿ ಬಿಡಪಾ, ಯಾರಿಗರೆ ಸಿಗಲಿ," ಎಂದೆ, ಬಾಯಿಮಾತಿಗೆ.

ಒಳಗೆ ಮೂವರು ಮುಖಂಡರು ಕೂತಿದ್ದರು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೊನೆಗೆ ನನಗೂ ಮರಾಠಿಯಲ್ಲಿ ಕೇಳಿದರು: "ನಿಮಗೆ ಕೊಡದಿದ್ದರೆ ಯಾರಿಗೆ ಕೊಡೋಣ? ಆ ಫೌಜಿ ಹೇಗೆ?"

ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ದನಿ ಮೆತ್ತಗೆ ಮಾಡಿ ಹೇಳಿದೆ, "ಮನುಷ್ಯ ಒಳ್ಳೆಯವನು ಸಾಹೇಬರೆ. ಆದರೆ ಸ್ವಂತ ಬುದ್ಧಿ ಇಲ್ಲ. ಮೇಲಿನವರು ಹೇಳಿದ್ದಷ್ಟೇ ಮಾಡುತ್ತಾನೆ. ಯಾಕೆ ಎಂದು ಒಮ್ಮೆಯೂ ಕೇಳುವವನಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಂತುವಿನ ಕತೆ ಮುಗಿಯಿತೆಂದು ನಾನು ಹೊರಗೆ ಬಂದು, ಖುಷಿಗೆ ಇನ್ನೊಂದು ಚಹಾ ಹೇಳಿದೆ.

ವಾರದೊಳಗೆ ಮಾಂತು ಪೇಢೆಯ ಡಬ್ಬಿ ಹಿಡಿದು ಮನೆಗೇ ಬಂದ. ಹಿಂದೆ ಢೋಲು, ಗುಲಾಲು, ಓಣಿಯ ಜನ.

"ನಿಮ್ಮ ಮಾತಿಗೇ ಟಿಕೀಟ್ ಬಂತ್ರಿ ಸರ್! ಶಿಸ್ತಿನ ಮನಶ್ಯಾ, ಹೇಳಿದ್ದು ಮಾಡ್ತಾನ ಅಂತ ನೀವು ಹೇಳಿದ್ರಂತ. ಅಂಥವ್ರೇ ಬೇಕಾಗಿತ್ತು ಅಂದ್ರು ಸಾಹೇಬ್ರು. ಭಾಳ ದೊಡ್ಡ ಮನಸ್ಸ್ರಿ ನಿಮ್ದು." ಅವನ ಕಣ್ಣುಗಳು ನಿಜಕ್ಕೂ ಒದ್ದೆಯಾಗಿದ್ದವು. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ಆರತಿ ತಟ್ಟೆ ತಂದ ರಂಜನಾ ಬಾಗಿಲಲ್ಲೇ ನಿಂತಳು. "ಖರೇನ? ನೀವ ಹೇಳಿದ್ರಿ?"

ಅವಳು ನನ್ನನ್ನು ಅಷ್ಟು ಹೆಮ್ಮೆಯಿಂದ ನೋಡಿ ಎಷ್ಟು ಕಾಲವಾಗಿತ್ತೋ!

"ಹೂಂ, ನಾನ ಹೇಳಿದ್ದು," ಎಂದೆ.

ಅವಳು ಮಾಂತುವಿನ ಹಣೆಗೆ ಕುಂಕುಮವಿಟ್ಟು ಆರತಿ ಎತ್ತಿದಳು. ಆಮೇಲೆ ಅವನ ಡಬ್ಬಿಯಿಂದಲೇ ಒಂದು ಪೇಢೆ ತೆಗೆದು ನನ್ನ ಬಾಯಿಗಿಟ್ಟಳು. ಎಲ್ಲರೂ ನೋಡುತ್ತಿದ್ದರು, ನುಂಗಿದೆ.