ಲೈನ್ ಎಳೆದವರು ಯಾರು?

ನೀರಿನ ಇಲಾಖೆಯಲ್ಲಿ ಅಕ್ರಮ ನಲ್ಲಿಗಳನ್ನು ಹಿಡಿಯುವುದೇ ನನ್ನ ಕೆಲಸ. ನೆಲ ಅಗೆದು ಪೈಪಿನ ಜಾಡು ಹಿಡಿದು ಹೋದರೆ ಕೊನೆಯಲ್ಲಿ ಕಳ್ಳ ಸಿಕ್ಕೇ ಸಿಗುತ್ತಾನೆ. ಹಾಗಾಗಿ ಡಾಕ್ಟರು ಅಕ್ಕನ ಸ್ಕ್ಯಾನ್ ತೋರಿಸಿ, "ಕ್ಯಾನ್ಸರ್ ಗಡ್ಡೆ ಪಕ್ಕದ ಮಾಂಸದೊಳಗೂ ನುಗ್ಗಿದೆ, ಅದಕ್ಕೆ ಹೊಸ ರಕ್ತನಾಳಗಳೂ ಬೆಳೆದಿವೆ" ಅಂದಾಗ ನನಗೆ ಮೈಯೆಲ್ಲ ಉರಿಯಿತು.

"ಯಾರು ಸಾರ್ ಆ ಲೈನ್ ಎಳೆದಿದ್ದು? ಗಡ್ಡೆನಾ?"

"ಅಲ್ಲಪ್ಪ. ಗಡ್ಡೆ ತನಗೆ ರಕ್ತ ಬೇಕು ಅಂತ ಸುದ್ದಿ ಕಳಿಸುತ್ತೆ, ಅಷ್ಟೆ. ನಾಳ ಬೆಳೆಸಿ ಕೊಡೋದು ನಿಮ್ಮಕ್ಕನ ದೇಹವೇ."

ನನ್ನ ತಲೆ ಮೊಸರು ಗಡಿಗೆಯಾಯಿತು. ಮನೆಯ ಯಜಮಾನನೇ ಗುಂಡಿ ತೋಡಿ ಕಳ್ಳನಿಗೆ ಪೈಪು ಜೋಡಿಸಿಕೊಟ್ಟರೆ ನಾನು ಕೇಸು ಹಾಕುವುದು ಯಾರ ಮೇಲೆ?

"ಹಾಗಾದ್ರೆ ವಾಲ್ವ್ ಬಂದ್ ಮಾಡಿ ಸಾರ್."

"ಅದಕ್ಕೂ ಔಷಧಿ ಇದೆ. ಆದ್ರೆ ಪೂರ್ತಿ ಬಂದ್ ಆಗುತ್ತೆ ಅಂತ ಹೇಳೋಕಾಗಲ್ಲ."

ಹೊರಗೆ ಬೆಂಚಿನ ಮೇಲೆ ಅಕ್ಕ ಬರಿಗೈಯಲ್ಲಿ ಕೂತಿದ್ದಳು. ಬೆಳಿಗ್ಗೆ ಆರಕ್ಕೇ ಸಾಲಿನಲ್ಲಿ ನಿಂತು ನಾನು ತಂದುಕೊಟ್ಟಿದ್ದ ರಕ್ತಪರೀಕ್ಷೆಯ ಟೋಕನ್ ಕಾಣಲಿಲ್ಲ.

"ಟೋಕನ್ ಎಲ್ಲಿ ಅಕ್ಕಾ?"

"ಪಕ್ಕದವರು ಅವಸರ ಇದೆ ಅಂತ ಕೇಳಿದ್ರು ಕಣೋ. ಕೊಟ್ಟುಬಿಟ್ಟೆ."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.