ಕರ್ಪೂರದ ಮುಂದೆ

“ಚೀಲ ಕೆಳಗಿಡ್ರಪ್ಪ. ಇಟ್ಟು ಅತ್ಲಾಗೆ ನಿಂತ್ಕಳಿ.”

ಹೇಳಿದವರು ಚಿಕ್ಕಹನುಮಯ್ಯ, ಆ ಊರಿನ ಹಿರಿಯರು. ದನಿ ಏರಿಸಿರಲಿಲ್ಲ. ಅವರ ಹಿಂದೆ ರಾಗಿ ಹೊಲಗಳಿಂದ ಹಾಗೆಯೇ ಎದ್ದು ಬಂದ ಗಂಡಸರು ನಿಂತಿದ್ದರು. ಕೆಲವರ ಕೈಯಲ್ಲಿ ಕುಡುಗೋಲು, ಒಬ್ಬನ ಕೈಯಲ್ಲಿ ಬಾರುಕೋಲು, ಉಳಿದವರ ಕೈಯಲ್ಲಿ ದಾರಿಯಲ್ಲಿ ಸಿಕ್ಕಿದ ದೊಣ್ಣೆ. ಮನ್ಸೂರ್ ಹೆಗಲಿನ ಚೀಲವನ್ನು ಇಳಿಸಿದ. ಒಳಗಿದ್ದ ಸೀಮೆಎಣ್ಣೆ ಸ್ಟವ್ ನೆಲಕ್ಕೆ ತಾಗಿ ಠಣ್ಣೆಂದಿತು. ಆ ಸದ್ದಿಗೆ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಇವರಿಗೂ ನಮ್ಮನ್ನು ಕಂಡರೆ ಭಯವಾಗಿದೆ ಎಂದು ಅವನಿಗೆ ಆಗ ಹೊಳೆಯಿತು. ಹೊಳೆದದ್ದೇ ತಡ, ಅವನ ಭಯ ಇಮ್ಮಡಿಯಾಯಿತು.

ಮನ್ಸೂರ್ ಮತ್ತು ಅವನ ಇಬ್ಬರು ಗೆಳೆಯರು ಬೆಳಿಗ್ಗೆ ಯಶವಂತಪುರ ಬಿಟ್ಟವರು. ಫಿಟ್ಟರ್ ತರಬೇತಿ ಒಟ್ಟಿಗೆ ಮುಗಿಸಿದ್ದರು. ದಸರಾ ಕಳೆದ ಮೇಲೆ ಕಾರ್ಖಾನೆಗೆ ಸೇರಬೇಕಿತ್ತು. ಅಷ್ಟರೊಳಗೆ ದೇಶ ನೋಡಿಬರೋಣ ಎಂದವನು ಚನ್ನಕೇಶವ. ಮೇಷ್ಟ್ರ ಮಗ, ಹಳೇ ಗುಡಿಗಳ ಹುಚ್ಚಿನವನು. ನಡೆದುಕೊಂಡು ನಂದಿ, ಅಲ್ಲಿಂದ ಲೇಪಾಕ್ಷಿ, ಆಮೇಲೆ ರೈಲು ಹಿಡಿದು ಹಂಪಿ, ಅಲ್ಲಿಂದ ಮುಂದಕ್ಕೆ ಕಾಲು ಕೊಂಡೊಯ್ದ ಕಡೆಗೆ. ಮತ್ತಿಕೆರೆಯ ಬೈರಣ್ಣ ತಕ್ಷಣ ಒಪ್ಪಿದ. ಮನ್ಸೂರ್‌ಗೆ ಗುಡಿಗಳ ಕಥೆ ಗೊತ್ತಿರಲಿಲ್ಲ. ಆದರೆ ಕಲ್ಲನ್ನು ಅಷ್ಟು ನುಣುಪಾಗಿ ತಿರುಗಿಸಿದ ಕಂಬಗಳನ್ನು ಕಂಡರೆ ಕೈಯಿಂದ ಸವರದೆ ಬರಲಾಗುತ್ತಿರಲಿಲ್ಲ. ಅವನ ತಂದೆ ತಾಜುದ್ದೀನ್ ದರ್ಜಿ. ಮಿಲಿಟರಿ ಹಳೇ ಸಾಮಾನು ಮಾರುವ ಅಂಗಡಿಯಿಂದ ದಪ್ಪನೆಯ ಖಾಕಿ ಬಟ್ಟೆ ತಂದು ಮೂವರಿಗೂ ಒಂದೇ ಥರದ ಹೆಗಲಚೀಲ ಹೊಲಿದುಕೊಟ್ಟಿದ್ದ.

ಚೀಲ ಹೊಲಿದಾದ ಮೇಲೆ ಯುದ್ಧ ಶುರುವಾಯಿತು. ಪಾಕಿಸ್ತಾನದ ಜೊತೆ. ರಾತ್ರಿ ದೀಪಗಳಿಗೆ ಕಪ್ಪು ಕಾಗದ ಅಂಟಿಸಿದರು. ಮನ್ಸೂರ್‌ನ ತಾಯಿ ಜಹೀರಾ, “ಈಗ ಬೇಡ ಮಗಾ, ಎಲ್ಲಾ ತಣ್ಣಗಾಗ್ಲಿ” ಎಂದಳು. ಬೈರಣ್ಣ ನಕ್ಕು, “ಯುದ್ಧ ನಡೀತಿರೋದು ಪಂಜಾಬಲ್ಲಿ ಕಣಮ್ಮ, ನಾವ್ ಹೋಗ್ತಿರೋದು ಬಾಗಲೂರ್ ಕಡೆ” ಎಂದಿದ್ದ. ಆ ನಗುವನ್ನು ನಂಬಿ ಅವಳು ಬಿಟ್ಟಳು.

ಯಲಹಂಕ ದಾಟಿ, ಬಾಗಲೂರಿನ ದಾರಿಯಲ್ಲಿ ಈ ಊರ ಹೊರಗೊಂದು ಪಾಳು ಗುಡಿ ಸಿಕ್ಕಿತ್ತು. ಚನ್ನಕೇಶವ ಮಾವನಿಂದ ಕೇಳಿ ತಂದ ಕ್ಯಾಮೆರಾ ಹಿಡಿದು, ಶಿಖರ ಪೂರ್ತಿ ಕಾಣಲೆಂದು ಅಂಗಳದಲ್ಲಿ ಅಂಗಾತ ಮಲಗಿದ್ದ. ಅದೇ ಹೊತ್ತಿಗೆ ಯಲಹಂಕದ ಕಡೆಯಿಂದ ವಿಮಾನವೊಂದು ತೀರಾ ತಗ್ಗಿನಲ್ಲಿ ಹಾರಿ ಬಂತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು: ಖಾಕಿ ಚೀಲ, ಆಕಾಶಕ್ಕೆ ಹಿಡಿದ ಕ್ಯಾಮೆರಾ. ಹೊರೆಯನ್ನು ಅಲ್ಲೇ ಬಿಸಾಕಿ ಊರಿಗೆ ಓಡಿದಳು. ವೈರಿಗಳು ಕೊಡೆ ಕಟ್ಟಿಕೊಂಡು ಆಕಾಶದಿಂದ ಇಳಿಯುತ್ತಾರೆ, ಸೀದಾ ನಮ್ಮ ಮಾತನ್ನೇ ಆಡುತ್ತಾರೆ ಎಂಬ ಸುದ್ದಿ ಆ ವಾರ ಸಂತೆಯಲ್ಲೆಲ್ಲ ಹಬ್ಬಿತ್ತು.

ಗುಡಿಯಿಂದ ಊರ ಬಾಗಿಲವರೆಗೆ ಅವರನ್ನು ನಡುವೆ ಇಟ್ಟುಕೊಂಡು ಕರೆತರುವಾಗ ಬೈರಣ್ಣ ಪಕ್ಕಕ್ಕೆ ಸರಿದು ಪಿಸುಗುಟ್ಟಿದ್ದ. “ನೀನ್ ಬಾಯಿ ಬಿಡ್ಬೇಡ ಗುರು. ನಾನ್ ನೋಡ್ಕೋತೀನಿ.”

“ಎಸ್ರು ಏಳಿ,” ಎಂದರು ಚಿಕ್ಕಹನುಮಯ್ಯ.

ಚನ್ನಕೇಶವ ತನ್ನ ಹೆಸರು, ತಂದೆಯ ಹೆಸರು, ನಂದಿಗೆ ಹೊರಟದ್ದು ಹೇಳಿದ. ಬೈರಣ್ಣ ಹೇಳಿದ. ಮೂರನೆಯವನ ಕಡೆ ಅವರು ತಿರುಗುವ ಮೊದಲೇ ಬೈರಣ್ಣನೇ, “ಇವ್ನು ನಮ್ಮ ದೊಡ್ಡಪ್ಪನ ಮಗ. ಮುನಿಕೃಷ್ಣಪ್ಪ ಅಂತ” ಎಂದುಬಿಟ್ಟ.

ಆ ಹೆಸರು ತನ್ನ ಮೇಲೆ ಬಂದು ಕೂತದ್ದು ಮನ್ಸೂರ್‌ಗೆ ಗೊತ್ತಾಯಿತು. ಇನ್ನೊಬ್ಬರ ಅಂಗಿ ತೊಟ್ಟ ಹಾಗೆ ಮೈ ಬಿಗಿಯಿತು.

“ಮುನಿಯಪ್ಪನ ಒಕ್ಕಲೇನಪ್ಪ ನೀವು?”

“ಹೌದು,” ಎಂದ ಬೈರಣ್ಣ.

“ನಿನ್ನ ಕೇಳ್ಲಿಲ್ಲ. ಅವ್ನು ಏಳ್ಲಿ.”

ಮನ್ಸೂರ್ ಚಿಕ್ಕಹನುಮಯ್ಯನವರ ಕಡೆ ತಿರುಗಿದ. “ಹೌದು,” ಎಂದ. ಹುಟ್ಟಿದಾಗಿನಿಂದ ಆಡಿದ ಕನ್ನಡ ಆ ಒಂದು ಮಾತಿನಲ್ಲಿ ಪರರ ಭಾಷೆಯಂತೆ ಕೇಳಿಸಿತು.

“ಅಂಗಾರೆ ಒಳ್ಳೇದೇ ಆಯ್ತು. ನಮ್ಮ ಮುನಿಯಪ್ಪ ಇಲ್ಲೇ ಅವ್ನೆ. ಅವನ ಮುಂದೆ ಕರ್ಪೂರ ಆರ್ಸಿ ಎಸ್ರು ಏಳ್ಬುಡು. ಆಮೇಕೆ ನಿಮ್ಮ ದಾರಿ ನಿಮ್ಗೆ.”

ಬೇವಿನ ಮರದ ಬುಡದಲ್ಲಿ ಕಟ್ಟೆ. ಅದರ ಮೇಲೆ ಮುನಿಯಪ್ಪನೆಂದು ಪೂಜಿಸುವ ಅರಿಶಿನ ಬಳಿದ ಕಲ್ಲು, ಪಕ್ಕದಲ್ಲಿ ನೆಟ್ಟ ತ್ರಿಶೂಲ. ಯಾರೋ ವೀಳ್ಯದೆಲೆಯ ಮೇಲೆ ಕರ್ಪೂರವಿಟ್ಟು ಹಚ್ಚಿದರು. ಇದು ಏನೆಂದು ಮನ್ಸೂರ್‌ಗೆ ಗೊತ್ತಿತ್ತು. ಮತ್ತಿಕೆರೆಯಲ್ಲಿ ಕೋಳಿ ಕದ್ದ ಜಗಳವೊಂದು ಹೀಗೇ ಮುಗಿದದ್ದನ್ನು ಕಂಡಿದ್ದ. ಉರಿಯ ಮೇಲೆ ಅಂಗೈ ಇಟ್ಟು ಆರಿಸಿ ಹೇಳಿದ ಮಾತನ್ನು ಆಮೇಲೆ ಯಾರೂ ಪ್ರಶ್ನಿಸುವುದಿಲ್ಲ. ಎಷ್ಟು ಸುಲಭ. ಬೈರಣ್ಣ ಕಣ್ಣಲ್ಲೇ, ಮುಗಿಸು ಎಂದ.

ಮನ್ಸೂರ್ ಕೈ ಚಾಚಿದ. ಬಿಸಿ ಅಂಗೈಗೆ ತಾಗಿತು. ಬಾರುಕೋಲಿನವನು ತಲೆಯ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಓಡಿ ಬಂದಿದ್ದ ಆ ಹೆಂಗಸು, ಹುಲ್ಲು ಅಂಟಿದ ಕೈಗಳನ್ನೇ ಜೋಡಿಸಿ ನಿಂತಿದ್ದಳು. ಅವರೆಲ್ಲ ನಂಬಲು ಸಿದ್ಧರಾಗಿದ್ದರು. ಆ ದೇವರ ಭಯವೋ ತನ್ನ ದೇವರ ಭಯವೋ ಮನ್ಸೂರ್‌ಗೆ ತಿಳಿಯಲಿಲ್ಲ, ಕೈ ಮಾತ್ರ ಕೆಳಗಿಳಿಯಲಿಲ್ಲ.

“ನನ್ನ ಹೆಸರು ಮುನಿಕೃಷ್ಣಪ್ಪ ಅಲ್ಲ,” ಎಂದ. “ಮನ್ಸೂರ್. ಯಶವಂತಪುರದ ತಾಜುದ್ದೀನ್ ಟೈಲರ್ ಮಗ.”

ಕರ್ಪೂರ ತಾನಾಗಿಯೇ ಉರಿದು ಆರಿತು.

“ಸಾಬ್ರವನು ಕಣ್ಲಾ,” ಎಂದಿತು ಹಿಂದಿನಿಂದ ಒಂದು ದನಿ. ಯಾರೋ ಅವನ ಕಾಲರ್ ಹಿಡಿದರು.

“ಸಾಬ್ರಾದ್ರೆ ಏನಾಯ್ತು, ನಮ್ಮೂರಾಗಿಲ್ವಾ?” ಚಿಕ್ಕಹನುಮಯ್ಯ ಕಾಲರ್ ಹಿಡಿದ ಕೈಯನ್ನು ಬಿಡಿಸಲಿಲ್ಲ. “ಸುಳ್ಳು ಯಾಕೆ ಏಳ್ದ್ರಿ? ಅದನ್ನ ಏಳಿ.”

ಅವರು ಕೇಳಿದ್ದು ಬೈರಣ್ಣನನ್ನು. ಬೈರಣ್ಣ ತನ್ನ ಚಪ್ಪಲಿ ನೋಡುತ್ತಿದ್ದ. ಕುಸ್ತಿಗೆ ಇಳಿದರೆ ಮತ್ತಿಕೆರೆಯಲ್ಲೇ ಎದುರಿಲ್ಲದವನು. ಮನ್ಸೂರ್ ಕಾದ. “ನಾವೇ ಹೇಳ್ಸಿದ್ದು... ಭಯಕ್ಕೆ,” ಎಂದು ಚನ್ನಕೇಶವ ಹೇಳಿದ. ಎಷ್ಟು ಮೆಲ್ಲಗೆ ಹೇಳಿದನೆಂದರೆ, ಪಕ್ಕದಲ್ಲಿದ್ದ ಮನ್ಸೂರ್‌ಗೆ ಬಿಟ್ಟು ಬೇರಾರಿಗೂ ಅದು ಕೇಳಿಸಲಿಲ್ಲ.

ಮೊದಲ ಏಟು ಮನ್ಸೂರ್‌ನ ಮೀನಖಂಡಕ್ಕೆ ಬಿತ್ತು. ಅವನು ಮೊಣಕಾಲೂರಿದ. ಅವನ ಚೀಲವನ್ನು ಕುಡುಗೋಲಿನಿಂದ ಸೀಳಿದರು. ಸ್ಟವ್, ಪಾತ್ರೆ, ಮಡಿಸಿದ ಅಂಗಿಗಳು ಮಣ್ಣಿಗೆ ಬಿದ್ದವು. ಕ್ಯಾಮೆರಾ ಬಿಚ್ಚಿ ಒಳಗಿನ ಸುರುಳಿಯನ್ನು ಬಿಸಿಲಿಗೆ ಎಳೆದು ಹಾಕಿದರು. ಪೊಲೀಸರಿಗೆ ಕೊಡೋಣ ಎಂದ ಒಬ್ಬ. ಅವ್ರು ಬರೋಗಂಟ ಬಿಟ್ಕಂಡಿರ್ತೀಯಾ ಎಂದ ಇನ್ನೊಬ್ಬ. ಮನ್ಸೂರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಇಲ್ಲಿಯೇ ಮುಗಿಯುತ್ತದೆ, ಮನೆಗೆ ಸುದ್ದಿ ಮುಟ್ಟಿಸುವವರು ಯಾರು ಎಂದು ಅವನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು.

“ತಡೀರಿ,” ಎಂದರು ಚಿಕ್ಕಹನುಮಯ್ಯ. “ಖಾದರ್ ಬಾಷನ್ನ ಕರ್ಕಂಡು ಬನ್ನಿ.”

ಖಾದರ್ ಬಾಷಾ ಎತ್ತಿಗೆ ಲಾಳ ಕಟ್ಟುವವನು. ಆ ಊರಿಗೆ ಅವನದೊಂದೇ ಸಾಬರ ಮನೆ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದವನು ಮೊದಲು ಮನ್ಸೂರ್‌ನ ಕಡೆ ನೋಡಲಿಲ್ಲ. ಗುಂಪಿನ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲ ದಿನವೂ ಕಂಡ ಮುಖಗಳು. ಆಮೇಲೆ ನರೆತ ಗಡ್ಡವನ್ನು ಸವರಿಕೊಂಡು, “ಕಾಂಕಾ ರೇ ತೂ? ಕಿಸ್ಕಾ ಬಚ್ಚಾ?” ಎಂದ.

“ಕನ್ನಡದಾಗೆ ಕೇಳು ಬಾಷಾ,” ಎಂದ ಬಾರುಕೋಲಿನವನು. ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಹಿಂದೆಂದೂ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲವೆಂದು ಖಾದರ್ ಬಾಷಾನ ಮುಖವೇ ಹೇಳಿತು. ಅವನು ತುಟಿ ಒರೆಸಿಕೊಂಡ.

“ಯಾವೂರಪ್ಪ ನಿಂದು? ಯಾರ ಮಗ?”

ಮನ್ಸೂರ್ ಮತ್ತೆ ಹೇಳಿದ. ಹೇಳುತ್ತಾ ಮುದುಕನ ಕಣ್ಣನ್ನೇ ನೋಡಿದ. ತನ್ನೊಳಗೆ ಇದ್ದದ್ದೇ ಅಲ್ಲೂ ಇತ್ತು. ಗೊತ್ತಿಲ್ಲ ಎಂದರೆ ಸಾಕು, ಆತ ಮನೆಗೆ ಹೋಗಬಹುದು. ನಾಳೆಯೂ ಇವರ ಎತ್ತುಗಳಿಗೆ ಲಾಳ ಕಟ್ಟಬಹುದು. ಅದನ್ನು ತಪ್ಪೆನ್ನಲು ಮನ್ಸೂರ್‌ಗೂ ಆಗುತ್ತಿರಲಿಲ್ಲ.

ಮರದಲ್ಲಿ ಕಾಗೆಯೊಂದು ಜಾಗ ಬದಲಿಸಿತು.

“ಗೊತ್ತು,” ಎಂದ ಖಾದರ್ ಬಾಷಾ. “ತಾಜುದ್ದೀನು ನಮ್ಮ ಎಂಗಸಿನ ಕಡೆಯೋನು. ಈ ಉಡ್ಗನ್ನ ಸಣ್ಣೋನಿದ್ದಾಗ ಎತ್ತಾಡ್ಸಿವ್ನಿ.”

“ಮತ್ತೆ ಬಂದೋನು ನಿಮ್ಮನೇಗೆ ಯಾಕೆ ಬರ್ಲಿಲ್ಲ?” ಎಂದರು ಚಿಕ್ಕಹನುಮಯ್ಯ.

“ಬರಾನ ಅಂತಲೇ ಬಂದಿದ್ದಾನು. ನೀವು ದಾರೀಲೇ ಇಡ್ಕಂಡ್ರಿ.”

“ಒಣೆ ನಿಂದಾ ಬಾಷಾ?”

“ನಂದೇ. ನಾಳೆ ಏನಾರ ಆದ್ರೆ, ಈ ಊರಾಗೆ ನನ್ನ ಮನೆ ಐತಲ್ಲ. ಅಲ್ಲಿಗೆ ಬನ್ನಿ.”

ಕಟ್ಟೆಯ ಮೇಲೆ ಕರ್ಪೂರದ ಪೊಟ್ಟಣ ಬಿಚ್ಚಿಯೇ ಇತ್ತು. ಚಿಕ್ಕಹನುಮಯ್ಯ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

“ಬಿಡ್ರಲಾ,” ಎಂದರು. “ಏಯ್ ಉಡುಗ್ರಾ, ನಂದಿಗೂ ಬೇಡ, ಗಿಂದಿಗೂ ಬೇಡ. ಬಂದ ದಾರೀಲೇ ಮನೆ ಸೇರ್ಕಳಿ. ಮುಂದ್ಲ ಊರಿನೋರು ನಮ್ಮಂಗೆ ಕೇಳಾಕೆ ನಿಲ್ಲಾಕಿಲ್ಲ.”

ಗುಂಪು ಕರಗಿದ ಮೇಲೆ ಬೈರಣ್ಣ ಮಣ್ಣಿನಲ್ಲಿ ಬಿದ್ದಿದ್ದ ಅಂಗಿಗಳನ್ನು ಕೊಡವಿ ಕೊಡವಿ ಮಡಿಸಿದ. “ಮನ್ಸೂರ್, ನಾನು...” ಎನ್ನುತ್ತಾ ಮಡಿಸಿದ ಅಂಗಿಗಳನ್ನು ಮುಂದೆ ಚಾಚಿದ. ಮನ್ಸೂರ್‌ನ ಕಾಲು ಬಾತು, ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಸಂಜೆ ಬಸ್ಸಿಗೆ ತಾನೇ ಹತ್ತಿಸುತ್ತೇನೆಂದ ಖಾದರ್ ಬಾಷಾ.

“ನಾನೂ ಇರ್ತೀನಿ ಕಣೋ,” ಎಂದ ಚನ್ನಕೇಶವ.

“ಬೇಡ. ನೀವಿಬ್ರೂ ಹೋಗಿ. ನಮ್ಮಮ್ಮನಿಗೆ ಏನೂ ಹೇಳ್ಬೇಡಿ.”

ಇಬ್ಬರೂ ಯಲಹಂಕದ ದಾರಿ ಹಿಡಿದರು. ಎರಡು ಖಾಕಿ ಚೀಲಗಳು ರಾಗಿ ಹೊಲಗಳ ನಡುವೆ ದೂರವಾಗುವುದನ್ನು ಮನ್ಸೂರ್ ನೋಡಿದ. ಬೈರಣ್ಣ ಒಮ್ಮೆ ತಿರುಗಿ ನೋಡಿದ. ಮನ್ಸೂರ್ ಕೈ ಎತ್ತಬೇಕೆಂದುಕೊಂಡ, ಎತ್ತಲಿಲ್ಲ.

ಖಾದರ್ ಬಾಷಾನ ಮನೆ ಊರ ಕೊನೆಯಲ್ಲಿತ್ತು. ಹೆಂಡತಿ ಕುಲ್ಸುಮ್ ಬಾಗಿಲನ್ನು ಅರ್ಧ ಮುಚ್ಚಿಕೊಂಡು ನಿಂತಿದ್ದಳು. ಯಾರು ಇವನು ಎಂದು ಮನೆಮಾತಿನಲ್ಲಿ, ಉಸಿರಿನಷ್ಟೇ ದನಿಯಲ್ಲಿ ಕೇಳಿದಳು.

“ನಿನ್ನ ಅಕ್ಕನ ಮಗ,” ಎಂದ ಗಂಡ.

“ನನಗೆಲ್ಲಿ ಅಕ್ಕ?”

“ಇವತ್ತಿನಿಂದ ಇದ್ದಾಳೆ. ಯಾರು ಕೇಳಿದರೂ ಇದ್ದಾಳೆ.”

ಅವಳು ಗಂಡನನ್ನು ನೋಡಿದಳು, ಹುಡುಗನ ಕಾಲು ನೋಡಿದಳು. ಒಳಗೆ ಹೋಗಿ ನೀರು ತಂದಳು. ಕುಡಿದಾದ ಮೇಲೆ ಮನ್ಸೂರ್ ಕೇಳಿದ, “ಚಾಚಾ, ನಮ್ಮ ಅಬ್ಬಾನ ನಿಮಗೆ ನಿಜವಾಗ್ಲೂ ಗೊತ್ತಾ?”

“ಇಲ್ಲ,” ಎಂದ ಖಾದರ್ ಬಾಷಾ. “ಹೇಗಿದ್ದಾನೆ? ಆರೋಗ್ಯವಾಗಿದ್ದಾನಾ?”

ಹುಣಸೆ ಮರದ ಕೆಳಗೆ ಅರ್ಧ ಕೆಲಸವಾಗಿದ್ದ ಎತ್ತು ಬಿದ್ದುಕೊಂಡಿತ್ತು, ನಾಲ್ಕು ಕಾಲುಗಳನ್ನೂ ಸೇರಿಸಿ ಗೂಟಕ್ಕೆ ಬಿಗಿದು. ಖಾದರ್ ಬಾಷಾ ಅದರ ಪಕ್ಕ ಕೂತು ಲಾಳವನ್ನು ಗೊರಸಿಗೆ ಒತ್ತಿ, ಮೊಳೆ ಎತ್ತಿಕೊಂಡ. ಮೊಳೆ ಬೆರಳಿನಿಂದ ಜಾರಿತು. ಮತ್ತೊಂದು ತೆಗೆದ, ಅದೂ ಜಾರಿತು. ಅವನು ಕೈಗಳನ್ನು ತೊಡೆಗೆ ಒರೆಸಿಕೊಂಡ.

ಮನ್ಸೂರ್ ಕುಂಟುತ್ತಾ ಬಂದು ಎದುರಿಗೆ ಕುಳಿತ. ಬಿದ್ದ ಮೊಳೆಯನ್ನು ಆರಿಸಿ, ಲಾಳದ ತೂತಿನಲ್ಲಿ ನೆಟ್ಟಗೆ ಹಿಡಿದ. ಇನ್ನೊಂದು ಕೈಯನ್ನು ಎತ್ತಿನ ಹೊಟ್ಟೆಯ ಮೇಲಿಟ್ಟ. ಎತ್ತು ಕಣ್ಣನ್ನು ಅಗಲವಾಗಿ ತೆರೆದು ಆಕಾಶ ನೋಡುತ್ತಿತ್ತು. ಅದರ ಪಕ್ಕೆ ಅವನ ಅಂಗೈಯ ಕೆಳಗೆ ಏರಿ ಇಳಿಯುತ್ತಿತ್ತು.